ಟ್ರ್ಯಾಕ್ಟರಿಗೆ ಚಾವಿಯ ಹತೋಟಿಯ ಸಾಕೆಟ್ಟು: ಕೂಡ್ರಿಸುವ ರೀತಿ

ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಸೀಮೆಯ ಟ್ರ್ಯಾಕ್ಟರಿಗೆ ಹಗಲು ರಾತ್ರಿ ಎಂಬ ಭೇದ ಉಳಿಯುವುದಿಲ್ಲ. ಕಾರಖಾನೆಯ ಪಾಳಿ ಯಾವಾಗ ಸಿಗುವುದೋ ಆವಾಗ ಹೊರಡಬೇಕು. ತೂಕದ ಕಟ್ಟೆಯ ಮುಂದೆ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತೆಂದು ಯಾರೂ ಹೇಳಲಾರರು. ಹಿಂಗಾರಿ ಜೋಳದ ರಾಶಿ, ದ್ರಾಕ್ಷಿ ದಾಳಿಂಬೆ ತೋಟಗಳಿಗೆ ನಸುಕಿನಲ್ಲಿ ಔಷಧ ಹೊಡೆಯುವುದು, ಇವೂ ಬೆಳಕು ಸಾಲದ ಹೊತ್ತಿನ ಕೆಲಸಗಳೇ. ಇಂಥ ಸಮಯದಲ್ಲಿ ಚಾಲಕನ ಕಿಸೆಯಲ್ಲಿರುವ ಮೊಬೈಲ್ ಚೈನಿಯ ವಸ್ತುವಲ್ಲ. ಹೊಲದಲ್ಲಿ ಕಬ್ಬು ಕಡಿಯುವವರಿಗೆ ಹಾವು ಕಚ್ಚಿದರೆ, ಕಾಲುವೆ ದಂಡೆಯಲ್ಲಿ ಟ್ರಾಲಿ ಮಗುಚಿದರೆ, ಊರಿಗೆ ಸುದ್ದಿ ಮುಟ್ಟಿಸಲು ಅದೊಂದೇ ಸಾಧನ. ಆದ್ದರಿಂದಲೇ ಟ್ರ್ಯಾಕ್ಟರಿನಲ್ಲಿ ಮೊಬೈಲಿಗೆ ಜೀವ ತುಂಬುವ, ಬೇಕಾದಾಗ ಒಂದು ಹೆಚ್ಚಿನ ದೀಪ ಹಚ್ಚುವ ಸಾಕೆಟ್ಟು ಇರಬೇಕೆಂದು ಅನೇಕರು ಬಯಸುತ್ತಾರೆ. ಬಯಕೆ ಯೋಗ್ಯವಾದದ್ದೇ. ಆದರೆ ಅದನ್ನು ಪೂರೈಸಿಕೊಳ್ಳುವ ರೀತಿ ಮಾತ್ರ ಹಲವೆಡೆ ಯೋಗ್ಯವಾಗಿಲ್ಲ.

ಸಾಮಾನ್ಯವಾಗಿ ನಡೆಯುವುದೇನೆಂದರೆ, ಮನೆಯ ದೀಪಕ್ಕೆ ಬಳಸುವ ಸಣ್ಣ ವೈರಿನ ಎರಡು ತುಂಡು ತಂದು, ಬ್ಯಾಟರಿಯ ಎರಡೂ ತಲೆಗಳಿಗೆ ಸುತ್ತಿ, ಬಾನೆಟ್ಟಿನ ಸಂದಿಯಿಂದ ಹಾಯಿಸಿ, ಕೊನೆಗೆ ಸಾಕೆಟ್ಟನ್ನು ಜೋತುಬಿಡುವುದು. ಮೊದಲ ದಿನ ಅದು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಬಾನೆಟ್ಟಿನ ತಗಡು ವೈರಿನ ಮೇಲಿನ ರಬ್ಬರನ್ನು ದಿನಕ್ಕಿಷ್ಟು ಸವೆಸುತ್ತದೆ. ಒಂದು ದಿನ ತಾಮ್ರ ತಗಡಿಗೆ ತಾಗುತ್ತದೆ. ೧೨ ವೋಲ್ಟಿನ ಬ್ಯಾಟರಿ ಮನುಷ್ಯನಿಗೆ ಹೊಡೆಯುವುದಿಲ್ಲವೆಂಬುದು ನಿಜ. ಆದರೆ ಅಡ್ಡಿಯಿಲ್ಲದೆ ದಾರಿ ಸಿಕ್ಕರೆ ಅದು ನೂರಾರು ಆಂಪಿಯರ್ ಹರಿಸಬಲ್ಲದು. ಅಷ್ಟು ಪ್ರವಾಹವನ್ನು ಸಣ್ಣ ವೈರು ತಾಳಲಾರದು. ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾದು ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಡೀಸೆಲಿನ ನಳಿಕೆ, ಹಿಂದಿನ ಟ್ರಾಲಿಯಲ್ಲಿ ಜೋಳದ ಕಣಿಕೆ, ಸುತ್ತಲೂ ಒಣಗಿದ ಕಬ್ಬಿನ ರವದಿ. ಮುಂದಿನದನ್ನು ಬರೆಯಬೇಕಾಗಿಲ್ಲ.

ಇನ್ನೊಂದು ಹಾನಿ ಇಷ್ಟು ಭಯಂಕರವಲ್ಲ, ಆದರೆ ಹೆಚ್ಚು ಸಾಮಾನ್ಯವಾದದ್ದು. ಬ್ಯಾಟರಿಗೆ ನೇರವಾಗಿ ಕಟ್ಟಿದ ಸಾಕೆಟ್ಟು ಹಗಲಿರುಳು ಜೀವಂತವಾಗಿರುತ್ತದೆ. ೪೮ ವ್ಯಾಟಿನ ದೀಪವೊಂದನ್ನು ಸಂಜೆ ಆರಿಸಲು ಮರೆತರೆ, ಗಂಟೆಗೆ ೪ ಆಂಪಿಯರಿನಂತೆ ೧೨ ಗಂಟೆಯಲ್ಲಿ ೪೮ ಆಂಪಿಯರ್ ಗಂಟೆ ಖರ್ಚಾಗುತ್ತದೆ. ೮೮ ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಇದು ಅರ್ಧಕ್ಕಿಂತ ಹೆಚ್ಚಾಯಿತು. ಬೆಳಿಗ್ಗೆ ಸ್ಟಾರ್ಟರ್ ಕಟಕಟ ಎನ್ನುವುದೇ ಹೊರತು ಎಂಜಿನ್ನು ತಿರುಗದು. ದೀಪ ಬೇಡ, ಈಗ ಅಂಗಡಿಗಳಲ್ಲಿ ದೊರೆಯುವ, ವೋಲ್ಟನ್ನು ಅಂಕಿಯಲ್ಲಿ ತೋರಿಸುವ ಯುಎಸ್‌ಬಿ ಸಾಕೆಟ್ಟುಗಳನ್ನೇ ನೋಡಿರಿ. ಏನನ್ನೂ ಚುಚ್ಚದೆ ಇದ್ದರೂ ಅವು ತಮ್ಮಷ್ಟಕ್ಕೆ ಸ್ವಲ್ಪ ಪ್ರವಾಹ ಕುಡಿಯುತ್ತಲೇ ಇರುತ್ತವೆ. ಅದು ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಎಂದು ಹಿಡಿದರೂ ತಿಂಗಳಿಗೆ ೨೧ ಆಂಪಿಯರ್ ಗಂಟೆಗೆ ಮೇಲಾಗುತ್ತದೆ. ಮಳೆಗಾಲದಲ್ಲಿ ಟ್ರ್ಯಾಕ್ಟರು ಕೊಟ್ಟಿಗೆಯಲ್ಲಿ ಒಂದೆರಡು ತಿಂಗಳು ನಿಂತಿತೆಂದರೆ ಬ್ಯಾಟರಿ ಸತ್ತಂತೆಯೇ. ಸೀಸದ ಬ್ಯಾಟರಿಯನ್ನು ಹೀಗೆ ಪೂರ್ತಿ ಬರಿದುಮಾಡಿ ಹಾಗೆಯೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಗಟ್ಟಿ ಉಪ್ಪು ಕಟ್ಟಿ, ಮತ್ತೆ ಚಾರ್ಜು ಮಾಡಿದರೂ ಮೊದಲಿನ ಬಲ ಬರುವುದಿಲ್ಲ. ಸಾಲದ ಕಂತು ಕಟ್ಟುವವನಿಗೆ ಹೊಸ ಬ್ಯಾಟರಿಯ ಖರ್ಚು ಸಣ್ಣದಲ್ಲ.

ಈ ಎರಡೂ ತೊಂದರೆಗೆ ಉಪಾಯ ಬಹಳ ದೊಡ್ಡದೇನಲ್ಲ. ಮೊದಲನೆಯದಕ್ಕೆ ಫ್ಯೂಜು; ಎರಡನೆಯದಕ್ಕೆ ಚಾವಿ. ಚಾವಿ ತಿರುಗಿಸಿದಾಗ ಮಾತ್ರ ಸಾಕೆಟ್ಟಿಗೆ ಪ್ರವಾಹ ಬರುವಂತೆಯೂ, ಚಾವಿ ತೆಗೆದೊಡನೆ ತಾನಾಗಿಯೇ ನಿಲ್ಲುವಂತೆಯೂ ಮಾಡಬೇಕು. ಅದನ್ನು ಮಾಡುವ ಬಗೆ ಹೇಗೆಂಬುದನ್ನು ಇಲ್ಲಿ ವಿವರಿಸಿದೆ.

ಕೆಲಸಕ್ಕೆ ಕೈಹಾಕುವ ಮೊದಲು ಲೆಕ್ಕ ಹಾಕಬೇಕು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ, ಇಷ್ಟೇ ಗಣಿತ. ೪೮ ವ್ಯಾಟಿನ ದೀಪಕ್ಕೆ ೪ ಆಂಪಿಯರ್, ಎರಡು ಮೊಬೈಲುಗಳನ್ನು ಒಟ್ಟಿಗೆ ಚಾರ್ಜು ಮಾಡುವ ೩೬ ವ್ಯಾಟಿನ ಚಾರ್ಜರಿಗೆ ೩ ಆಂಪಿಯರ್, ಕೂಡಿಸಿದರೆ ೭. ಔಷಧ ಹೊಡೆಯುವ ಸಣ್ಣ ೧೨ ವೋಲ್ಟಿನ ಪಂಪುಗಳಿಗೆ ಸಾಮಾನ್ಯವಾಗಿ ೩ರಿಂದ ೫ ಆಂಪಿಯರ್ ಬೇಕಾಗುತ್ತದೆ. ಟೈರಿಗೆ ಗಾಳಿ ತುಂಬುವ ಪಂಪು ೧೦ಕ್ಕೂ ಮೇಲೆ ಹೋಗುವುದುಂಟು. ಅದನ್ನು ಈ ಸಾಕೆಟ್ಟಿಗೆ ಹಚ್ಚಕೂಡದು. ೧೨ ವೋಲ್ಟಿನಿಂದ ೨೩೦ ವೋಲ್ಟು ಮಾಡುವ ಇನ್ವರ್ಟರ್ ಪೆಟ್ಟಿಗೆಗಳನ್ನೂ ದೂರವಿಡುವುದೇ ಒಳ್ಳೆಯದು: ೧೫೦ ವ್ಯಾಟೆಂದರೆ ೧೨ ಆಂಪಿಯರಿಗೆ ಮೇಲೆ, ಅದರಲ್ಲಿ ಸೋರಿಕೆ ಬೇರೆ. ಬೆನ್ನಿಗೆ ಹೊರುವ ಔಷಧದ ಪಂಪಿನ ಬ್ಯಾಟರಿಯೂ ೧೨ ವೋಲ್ಟೇ ಅಲ್ಲವೆ, ಇಲ್ಲಿಯೇ ಚುಚ್ಚಿದರಾಯಿತೆಂದು ಕೆಲವರು ಕೇಳುತ್ತಾರೆ. ಆಗದು. ಅದಕ್ಕೆ ಕೊಟ್ಟಿರುವ ಚಾರ್ಜರು ಪ್ರವಾಹಕ್ಕೆ ಮಿತಿ ಹಾಕುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿ ಹಾಗೆ ಹಾಕುವುದಿಲ್ಲ. ಲಿಥಿಯಂ ಬ್ಯಾಟರಿಯಾಗಿದ್ದರೆ ಇದರಿಂದ ಬೆಂಕಿಯ ಅಪಾಯವೂ ಉಂಟು.

ಟ್ರ್ಯಾಕ್ಟರು ಎಷ್ಟು ಉತ್ಪಾದಿಸುತ್ತದೆಂಬುದನ್ನೂ ನೋಡಬೇಕು. ಈಗಿನ ಆಲ್ಟರ್ನೇಟರುಗಳ ಮೇಲೆ ೩೫ ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಬರೆದಿರುವುದು ಸಾಮಾನ್ಯ. ಅಲ್ಲಿ ೭ ಆಂಪಿಯರ್ ಭಾರವೇನಲ್ಲ. ಹಳೆಯ ಡೈನಮೋ ಇರುವ ಗಾಡಿಗಳು ಪೂರ್ತಿ ಓಟದಲ್ಲಿಯೇ ಸುಮಾರು ೨೦ ಆಂಪಿಯರ್ ಕೊಡುತ್ತವೆ, ಎಂಜಿನ್ನು ನಿಧಾನವಾಗಿ ತಿರುಗುವಾಗ ಏನೂ ಕೊಡುವುದಿಲ್ಲವೆಂದೇ ಹೇಳಬೇಕು. ಅಂಥ ಗಾಡಿಗೆ ಮೊಬೈಲಿನ ಸಾಕೆಟ್ಟು ಸಾಕು, ದೊಡ್ಡ ದೀಪದ ಆಸೆ ಬೇಡ. ಇನ್ನು ೧೯೪೬ರಿಂದ ೧೯೫೬ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಫರ್ಗ್ಯೂಸನ್ ಟಿಇ ೨೦ ಮುಂತಾದ ಹಳೆಯ ಗಾಡಿಗಳನ್ನು ಯಾರಾದರೂ ಕಾಪಾಡಿಕೊಂಡು ಬಂದಿದ್ದರೆ, ಅವುಗಳಲ್ಲಿ ಬ್ಯಾಟರಿಯ ಪ್ಲಸ್ ತಲೆ ಗಾಡಿಯ ಮೈಗೆ ಜೋಡಿಸಿರುವುದುಂಟು. ಈ ಲೇಖನದ ರೀತಿ ಅಂಥವಕ್ಕೆ ಅನ್ವಯಿಸುವುದಿಲ್ಲ. ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ದಪ್ಪ ಪಟ್ಟಿ ಯಾವ ತಲೆಯಿಂದ ಹೊರಟಿದೆಯೆಂಬುದನ್ನು ಮೊದಲು ಕಣ್ಣಾರೆ ನೋಡಿಕೊಳ್ಳಬೇಕು. ಅದು ಮೈನಸ್ ತಲೆಯಿಂದ ಹೊರಟಿದ್ದರೆ ಮುಂದುವರಿಯಬಹುದು. ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿಸಿ ೨೪ ವೋಲ್ಟು ಮಾಡಿರುತ್ತಾರೆ. ಅಲ್ಲಿ ಒಂದೇ ಬ್ಯಾಟರಿಯಿಂದ ೧೨ ವೋಲ್ಟು ಎಳೆದುಕೊಂಡರೆ ಎರಡೂ ಬೇಗ ಕೆಡುತ್ತವೆ.

ಈಗ ಸಾಮಾನು. ಸೊಲ್ಲಾಪುರದಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಗಾಡಿಯ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಎಲ್ಲವೂ ದೊರೆಯುತ್ತದೆ. ಮರಾಠಿಯಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಹೆಸರುಗಳು ಅವೇ. ಮುಚ್ಚಳವಿರುವ ೧೨ ವೋಲ್ಟಿನ ಸಾಕೆಟ್ಟು ಒಂದು, ೪ ಕಾಲಿನ ೧೨ ವೋಲ್ಟಿನ ರಿಲೇ ಮತ್ತು ಅದರ ತಳಪಾಯ, ನೀರು ಹೋಗದ ಮುಚ್ಚಳದ ಫ್ಯೂಜ್ ಹೋಲ್ಡರ್ ಎರಡು, ೧೦ ಆಂಪಿಯರಿನ ಕೆಲವು ಫ್ಯೂಜುಗಳು, ೩ ಆಂಪಿಯರಿನದು ಒಂದೆರಡು, ೨.೫ ಚದರ ಮಿಲಿಮೀಟರಿನ ವೈರು ಕೆಂಪು ಮತ್ತು ಕಪ್ಪು. ತೆಳು ವೈರು ಸ್ವಲ್ಪ. ಥಿಂಬಲ್‌ಗಳು, ರಬ್ಬರಿನ ಬಳೆಗಳು, ಸುಕ್ಕುಗಟ್ಟಿದ ಪ್ಲಾಸ್ಟಿಕ್ ನಳಿಕೆ. ಪಟ್ಟಿಯಂಥ ಫ್ಯೂಜುಗಳಲ್ಲಿ ೧೦ ಆಂಪಿಯರಿನದು ಕೆಂಪು, ೧೫ರದು ನೀಲಿ, ೨೦ರದು ಹಳದಿ. ಓದಲು ಬಾರದ ಚಾಲಕನಿಗೂ ಬಣ್ಣ ಹೇಳಿಕೊಟ್ಟರೆ ಸಾಕು.

ವೈರಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಮನೆಯ ಗೋಡೆಯೊಳಗೆ ಹಾಕುವ ಒಂದೇ ಎಳೆಯ ಗಟ್ಟಿ ತಂತಿ ಟ್ರ್ಯಾಕ್ಟರಿನ ನಡುಗಿಗೆ ಕೆಲವು ತಿಂಗಳಲ್ಲಿ ತುಂಡಾಗುತ್ತದೆ. ಸಣ್ಣ ಎಳೆಗಳನ್ನು ಹೊಸೆದ ವೈರೇ ಬೇಕು. ಇನ್ನು ದಪ್ಪ. ಬ್ಯಾಟರಿಯಿಂದ ಸಾಕೆಟ್ಟಿಗೆ ಹೋಗಲು ೩ ಮೀಟರು, ಮರಳಿ ಬರಲು ೩ ಮೀಟರು ಎಂದಿಟ್ಟುಕೊಳ್ಳಿರಿ. ಅರ್ಧ ಚದರ ಮಿಲಿಮೀಟರಿನ ಸಣ್ಣ ವೈರಿನಲ್ಲಿ ೭ ಆಂಪಿಯರ್ ಹರಿದರೆ ಸುಮಾರು ಒಂದೂವರೆ ವೋಲ್ಟು ದಾರಿಯಲ್ಲಿಯೇ ಕಳೆದುಹೋಗಿ, ೧೦ ವ್ಯಾಟಿನಷ್ಟು ಕಾವು ವೈರಿನೊಳಗೆ ಹುಟ್ಟುತ್ತದೆ. ೨.೫ ಚದರ ಮಿಲಿಮೀಟರಿನದಾದರೆ ನಷ್ಟ ೦.೩ ವೋಲ್ಟು ಮಾತ್ರ. ಮನೆಯ ೨೩೦ ವೋಲ್ಟಿನಲ್ಲಿ ಒಂದೂವರೆ ವೋಲ್ಟು ಹೋದರೆ ಯಾರಿಗೂ ತಿಳಿಯುವುದಿಲ್ಲ. ೧೨ರಲ್ಲಿ ಹೋದರೆ ಎಂಟನೆಯ ಒಂದು ಪಾಲೇ ಹೋಯಿತು. ಮನೆಯ ವಿದ್ಯುತ್ ಕೆಲಸ ಬಲ್ಲವರು ಗಾಡಿಯ ಕೆಲಸದಲ್ಲಿ ಎಡವುವುದು ಮುಖ್ಯವಾಗಿ ಇಲ್ಲಿಯೇ.

ರಿಲೇ ಏಕೆ ಬೇಕೆಂಬುದನ್ನು ತಿಳಿಯಬೇಕು. ಚಾವಿಯ ಸ್ವಿಚ್ಚಿನೊಳಗಿನ ತಾಮ್ರದ ನಾಲಗೆಗಳು ಮೊದಲೇ ಒಂದಷ್ಟು ಭಾರ ಹೊತ್ತಿರುತ್ತವೆ. ಅದರ ಮೇಲೆ ನಮ್ಮ ೭ ಆಂಪಿಯರನ್ನೂ ಹೇರಿದರೆ ನಾಲಗೆ ಕಾದು ಕರಕಾಗುತ್ತದೆ. ಆಗ ಸಾಕೆಟ್ಟಷ್ಟೇ ಅಲ್ಲ, ಗಾಡಿಯೇ ಚಾಲೂ ಆಗದು. ರಿಲೇ ಎಂದರೆ ಹೊಲಕ್ಕೆ ನೀರು ಬಿಡುವ ದೊಡ್ಡ ತೂಬನ್ನು ಸಣ್ಣ ಹಗ್ಗದಿಂದ ಎಳೆದು ತೆರೆಯುವಂಥ ವ್ಯವಸ್ಥೆ. ಅದರೊಳಗೆ ತಂತಿಯ ಸುರುಳಿಯೊಂದಿದೆ; ಚಾವಿಯಿಂದ ಬರುವ ಪ್ರವಾಹ ಆ ಸುರುಳಿಯನ್ನು ಆಯಸ್ಕಾಂತವಾಗಿ ಮಾಡುತ್ತದೆ; ಆಯಸ್ಕಾಂತ ಒಳಗಿನ ನಾಲಗೆಯನ್ನು ಎಳೆದು, ಬ್ಯಾಟರಿಯಿಂದ ಸಾಕೆಟ್ಟಿಗೆ ದಾರಿ ತೆರೆಯುತ್ತದೆ. ಸುರುಳಿ ತೆಗೆದುಕೊಳ್ಳುವುದು ಸುಮಾರು ೦.೧೫ ಆಂಪಿಯರ್ ಮಾತ್ರ. ಚಾವಿಗೆ ಅದು ಭಾರವೇ ಅಲ್ಲ. ಒಂದೇ ಮೊಬೈಲಿನ ಚಾರ್ಜರು ಸಾಕು, ಎಂದೂ ದೀಪ ಹಚ್ಚುವುದಿಲ್ಲ ಎನ್ನುವವರು ರಿಲೇ ಬಿಟ್ಟು, ಚಾವಿಯ ಹತೋಟಿಯಲ್ಲಿರುವ ವೈರಿನಿಂದಲೇ ೩ ಆಂಪಿಯರ್ ಫ್ಯೂಜಿನ ಮೂಲಕ ಸಾಕೆಟ್ಟಿಗೆ ಕೊಡಬಹುದು. ಆದರೆ ಇಂದು ಮೊಬೈಲು ಎಂದವರು ನಾಳೆ ದೀಪ ಎನ್ನುವುದು ಲೋಕರೂಢಿ. ರಿಲೇ ಹಾಕಿಯೇ ಬಿಡುವುದು ಮೇಲು.

ರಿಲೇಯ ಕಾಲುಗಳ ಬಳಿ ಇಂಗ್ಲಿಷ್ ಅಂಕಿಗಳಲ್ಲಿ ಸಂಖ್ಯೆಗಳು ಮುದ್ರಿತವಾಗಿರುತ್ತವೆ. ಇವು ಜರ್ಮನಿಯವರು ಗೊತ್ತುಮಾಡಿದ ಸಂಖ್ಯೆಗಳು. ಯಾವ ಕಂಪನಿಯ ರಿಲೇಯಾದರೂ ಸಾಮಾನ್ಯವಾಗಿ ಇವೇ ಇರುತ್ತವೆ. ೩೦ ಎಂಬುದಕ್ಕೆ ಬ್ಯಾಟರಿಯ ಪ್ಲಸ್ ತಲೆಯಿಂದ ೧೦ ಆಂಪಿಯರಿನ ಫ್ಯೂಜನ್ನು ದಾಟಿ ಬಂದ ದಪ್ಪ ಕೆಂಪು ವೈರು. ೮೭ ಎಂಬುದರಿಂದ ಸಾಕೆಟ್ಟಿನ ನಡುವಿನ ಮೊಳೆಗೆ ದಪ್ಪ ಕೆಂಪು ವೈರು. ೮೬ಕ್ಕೆ ಚಾವಿಯ ಕಡೆಯಿಂದ ೩ ಆಂಪಿಯರ್ ಫ್ಯೂಜಿನ ಮೂಲಕ ತೆಳು ವೈರು. ೮೫ರಿಂದ ಗಾಡಿಯ ಮೈಗೆ, ಅಂದರೆ ಮೈನಸ್ಸಿಗೆ, ತೆಳು ವೈರು. ೮೫ ಮತ್ತು ೮೬ ಅದಲುಬದಲಾದರೂ ಬರಿಯ ರಿಲೇ ಕೆಲಸ ಮಾಡುತ್ತದೆ. ಆದರೆ ಒಳಗೆ ಡಯೋಡ್ ಇರುವ ರಿಲೇಯಲ್ಲಿ ಅದಲುಬದಲಾದರೆ ಫ್ಯೂಜು ಹಾರುತ್ತದೆ. ೮೬ ಪ್ಲಸ್, ೮೫ ಮೈನಸ್ ಎಂದು ರೂಢಿಮಾಡಿಕೊಂಡರೆ ಯಾವುದಕ್ಕೂ ಸರಿ. ಅಂಗಡಿಯಲ್ಲಿ ೫ ಕಾಲಿನ ರಿಲೇ ಕೊಟ್ಟರೆ ಅದನ್ನೂ ಬಳಸಬಹುದು, ಆದರೆ ನಡುವಿನ ೮೭ಎ ಎಂಬ ಕಾಲಿನ ಬಗ್ಗೆ ಎಚ್ಚರ ಬೇಕು. ಚಾವಿ ಆರಿದ್ದಾಗ ೩೦ಕ್ಕೂ ೮೭ಎಗೂ ಒಳಗೆ ಸಂಪರ್ಕವಿರುತ್ತದೆ. ತಪ್ಪಿ ಸಾಕೆಟ್ಟನ್ನು ಅಲ್ಲಿಗೆ ಹಚ್ಚಿದರೆ ಚಾವಿ ತೆಗೆದಾಗ ಜೀವ ಬಂದು, ಚಾವಿ ಹಾಕಿದಾಗ ಸಾಯುತ್ತದೆ. ನಮ್ಮ ಉದ್ದೇಶಕ್ಕೆ ಸರಿಯಾಗಿ ವಿರುದ್ಧ. ಅದನ್ನು ಖಾಲಿ ಬಿಟ್ಟು ಟೇಪು ಸುತ್ತಬೇಕು.

ಚಾವಿಯ ಹತೋಟಿಯಲ್ಲಿರುವ ವೈರನ್ನು ಹುಡುಕುವುದು ಈ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಗಾಡಿಯ ಸೂಚಕ ದೀಪದ ಹಳೆಯ ಬಲ್ಬೊಂದಕ್ಕೆ ಎರಡು ವೈರು ಹಚ್ಚಿ ಪರೀಕ್ಷೆಯ ದೀಪ ಮಾಡಿಕೊಳ್ಳಬಹುದು. ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಒಂದು ತುದಿಯನ್ನು ಗಾಡಿಯ ಮೈಗೆ ಹಿಡಿದು, ಇನ್ನೊಂದನ್ನು ಫ್ಯೂಜಿನ ಪೆಟ್ಟಿಗೆಯ ಒಂದೊಂದೇ ತುದಿಗೆ ತಾಗಿಸುತ್ತ ಹೋಗಬೇಕು. ಕೆಲವು ಯಾವಾಗಲೂ ಜೀವಂತ. ಕೆಲವು ಚಾವಿ ತಿರುಗಿಸಿದಾಗ ಮಾತ್ರ. ಚಾವಿ ತಿರುಗಿಸಿದಾಗ ಬೆಳಗಿ, ತೆಗೆದಾಗ ಆರುವ ತುದಿಯೇ ನಮಗೆ ಬೇಕಾದದ್ದು. ತಿರುವಿನ ಸೂಚಕ ದೀಪಗಳಿಗೋ ಡ್ಯಾಶಿನ ಮುಳ್ಳುಗಳಿಗೋ ಪ್ರವಾಹ ಕೊಡುವ ಫ್ಯೂಜು ಹೆಚ್ಚಾಗಿ ಇಂಥದ್ದು. ಸ್ಟಾರ್ಟರಿಗೆ ಹೋಗುವ ವೈರು, ಆಲ್ಟರ್ನೇಟರಿನ ತೆಳು ವೈರು, ಡೀಸೆಲ್ ನಿಲ್ಲಿಸುವ ಸೊಲೆನಾಯ್ಡಿನ ವೈರು, ಈ ಮೂರನ್ನು ಮುಟ್ಟಲೇಕೂಡದು. ೨೦೨೩ರ ಜನವರಿಯಿಂದ ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟುನಿಟ್ಟಿನ ನಿಯಮ ಬಂದಿದ್ದು, ಅಂಥ ಹಲವು ಎಂಜಿನ್ನುಗಳಲ್ಲಿ ಡೀಸೆಲ್ ಬಿಡುವ ಕೆಲಸವನ್ನು ಕಂಪ್ಯೂಟರ್ ಪೆಟ್ಟಿಗೆಯೇ ನಡೆಸುತ್ತದೆ. ಅವುಗಳ ವೈರನ್ನು ಸುಲಿದು ನೋಡುವುದು ಬಹಳ ದುಬಾರಿಯ ಕುತೂಹಲವಾದೀತು. ಹೊಸ ಗಾಡಿಗಳಲ್ಲಿ ಹಲವಕ್ಕೆ ಕಾರಖಾನೆಯಿಂದಲೇ ಚಾರ್ಜಿಂಗ್ ಸಾಕೆಟ್ಟು ಬಂದಿರುತ್ತದೆ; ಇಲ್ಲದಿದ್ದರೆ, ಖಾತರಿಯ ಅವಧಿ ಮುಗಿಯುವವರೆಗೆ ಮಾರಾಟಗಾರರಿಂದಲೇ ಹಾಕಿಸಿಕೊಳ್ಳತಕ್ಕದ್ದು.

ವೈರು ಗೊತ್ತಾಯಿತೇ? ಇನ್ನು ಬ್ಯಾಟರಿ ಬಿಚ್ಚಬೇಕು. ಎಂಜಿನ್ನು ನಿಂತಿರಬೇಕು, ಅದು ನಡೆಯುತ್ತಿರುವಾಗ ಬ್ಯಾಟರಿ ಬಿಚ್ಚಿದರೆ ಆಲ್ಟರ್ನೇಟರ್ ಹಾಳಾಗುತ್ತದೆ. ಕೈಯ ಉಂಗುರ, ಕಡಗ, ಗಡಿಯಾರ ತೆಗೆದಿಡಬೇಕು. ಬ್ಯಾಟರಿಯಿಂದ ಹೊರಡುವ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ. ಬೀಡಿಯನ್ನು ಆರಿಸಿಯೇ ಬರಬೇಕು. ಮೊದಲು ಮೈನಸ್ ತಲೆ, ಆಮೇಲೆ ಪ್ಲಸ್. ಈ ಕ್ರಮಕ್ಕೆ ಕಾರಣವಿದೆ. ಪ್ಲಸ್ ತಲೆಯ ನಟ್ಟನ್ನು ಮೊದಲು ಬಿಚ್ಚಹೋದರೆ ಪಾನಾ ಜಾರಿ ಗಾಡಿಯ ಮೈಗೆ ತಾಗುವ ಸಂಭವವುಂಟು. ಆಗ ಅದೇ ಪಾನಾದ ಮೂಲಕ ಬ್ಯಾಟರಿಯ ಪೂರ್ತಿ ಬಲ ಹರಿದು, ಕಬ್ಬಿಣ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಪಾನಾ ಎಲ್ಲಿ ತಾಗಿದರೂ ಚಿಂತೆಯಿಲ್ಲ. ಮರಳಿ ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

ಸಾಕೆಟ್ಟಿನ ಜಾಗವನ್ನು ಕುಳಿತು ನೋಡಿ ಆರಿಸಬೇಕು. ಮೊಣಕಾಲು ತಾಗದ, ಗೇರಿನ ಕೋಲಿಗೆ ಅಡ್ಡಬಾರದ, ಮಳೆ ನೇರವಾಗಿ ಬೀಳದ ಜಾಗ. ಬಾಯಿ ಮೇಲ್ಮುಖವಾಗಿದ್ದರೆ ಧೂಳೂ ನೀರೂ ನಿಲ್ಲುತ್ತವೆ, ಪಕ್ಕಕ್ಕೋ ಕೆಳಕ್ಕೋ ಬಾಗಿರಲಿ. ಸುಮಾರು ೨೮ ಮಿಲಿಮೀಟರಿನ ತೂತು ಬೇಕಾಗುತ್ತದೆ. ಕೊಂಡ ಸಾಕೆಟ್ಟನ್ನು ಅಳೆದುಕೊಂಡೇ ಕೊರೆಯಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಡ್ಯಾಶಿನ ಹಿಂದೆಯೇ ಡೀಸೆಲ್ ಟಾಕಿ ಇರುತ್ತದೆಂಬುದನ್ನು ಮರೆಯಬಾರದು. ಕೊರೆಯುವ ಮೊದಲು ಹಿಂಬದಿಗೆ ಕೈಹಾಕಿ ನೋಡಬೇಕು. ಡ್ರಿಲ್ಲಿನ ಮೊನೆ ಒಂದು ಬೆರಳಿಗಿಂತ ಒಳಗೆ ಹೋಗದಂತೆ ಅದಕ್ಕೆ ಪೈಪಿನ ತುಂಡೊಂದನ್ನು ತೊಡಿಸಿಕೊಳ್ಳುವುದು ಜಾಣತನ. ಸಂದೇಹವಿದ್ದರೆ ತೂತು ಕೊರೆಯದೆ, ತಗಡಿನ ಸಣ್ಣ ಪಟ್ಟಿಯೊಂದನ್ನು ಬಾಗಿಸಿ, ಇದ್ದ ಬೋಲ್ಟಿಗೇ ಸಿಕ್ಕಿಸಿ ಅದರಲ್ಲಿ ಸಾಕೆಟ್ಟನ್ನು ಕೂಡ್ರಿಸಬಹುದು.

ಫ್ಯೂಜನ್ನು ಎಲ್ಲಿಡಬೇಕು? ಬ್ಯಾಟರಿಯ ಪ್ಲಸ್ ತಲೆಯಿಂದ ಒಂದು ಗೇಣಿನೊಳಗೆ. ಹಲವರು ಅದನ್ನು ಸಾಕೆಟ್ಟಿನ ಬಳಿ ಕೈಗೆ ಸಿಗುವಂತೆ ಇಡುತ್ತಾರೆ; ಇದರಿಂದ ಯಾವ ಪ್ರಯೋಜನವೂ ಇಲ್ಲ. ಫ್ಯೂಜು ಇರುವುದು ಮೊಬೈಲನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಬ್ಯಾಟರಿಗೂ ಫ್ಯೂಜಿಗೂ ನಡುವೆ ಇರುವ ವೈರಿಗೆ ಯಾವ ಕಾವಲೂ ಇರುವುದಿಲ್ಲ. ಆದ್ದರಿಂದ ಆ ತುಂಡು ಎಷ್ಟು ಗಿಡ್ಡವೋ ಅಷ್ಟು ಕ್ಷೇಮ.

ವೈರು ಹಾಯಿಸುವಾಗ ಸೈಲೆನ್ಸರು, ಪಂಖದ ಪಟ್ಟಾ, ಕ್ಲಚ್ಚಿನ ಪೆಡಲು, ಸ್ಟಿಯರಿಂಗಿನ ತೋಳು ಇವುಗಳಿಂದ ದೂರವಿಡಬೇಕು. ಡೀಸೆಲ್ ನಳಿಕೆಗೆ ಸೇರಿಸಿ ಕಟ್ಟುವ ಅಭ್ಯಾಸ ಕೆಟ್ಟದ್ದು. ತಗಡಿನ ತೂತಿನಲ್ಲಿ ಹಾಯುವಲ್ಲೆಲ್ಲ ರಬ್ಬರಿನ ಬಳೆ ಹಾಕಿ, ಉಳಿದೆಡೆ ಪ್ಲಾಸ್ಟಿಕ್ ನಳಿಕೆಯೊಳಗೆ ಸೇರಿಸಿ, ಗೇಣಿಗೊಂದು ಕಟ್ಟು ಹಾಕಬೇಕು. ಕಟ್ಟಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಬಾನೆಟ್ಟನ್ನು ತೆಗೆದು ಹಾಕಿ ನೋಡಬೇಕು. ತುದಿಗಳಿಗೆ ಥಿಂಬಲ್ ಒತ್ತಿ ಹಾಕಬೇಕು. ಪಕ್ಕಡದಿಂದ ಜಜ್ಜಿದರೆ ಸಾಲದು, ಒತ್ತುವ ಸಾಧನವನ್ನೇ ಅಂಗಡಿಯಿಂದಲೋ ಗ್ಯಾರೇಜಿನಿಂದಲೋ ಎರವು ತರಬೇಕು. ಒತ್ತಿದ ಮೇಲೆ ಬಲವಾಗಿ ಜಗ್ಗಿದರೂ ಬರಬಾರದು. ಬರಿಯ ಹೊಸೆದು ಟೇಪು ಸುತ್ತಿದ ಗಂಟು ಬೇಸಿಗೆಯ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಸಾಕೆಟ್ಟಿನ ಹೊರಕವಚ ಮೈನಸ್. ಅದರ ಕಪ್ಪು ವೈರನ್ನು ಬ್ಯಾಟರಿಯ ಮೈನಸ್ ತಲೆಯವರೆಗೆ ಒಯ್ಯುವುದು ಎಲ್ಲಕ್ಕಿಂತ ಉತ್ತಮ. ಗಾಡಿಯ ಮೈಗೇ ಕೊಡುವುದಾದರೆ ಮಡ್‌ಗಾರ್ಡಿನ ಬೋಲ್ಟು ನಂಬತಕ್ಕದ್ದಲ್ಲ, ಅದರ ಸುತ್ತ ಬಣ್ಣವೂ ರಬ್ಬರೂ ಇರುತ್ತವೆ. ಚೌಕಟ್ಟಿನ ಗಟ್ಟಿ ಬೋಲ್ಟೊಂದನ್ನು ಹುಡುಕಿ, ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಶರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ದೀಪ ಮಿಣುಕುತ್ತಿದೆ, ಚಾರ್ಜು ಬಿಟ್ಟು ಬಿಟ್ಟು ಆಗುತ್ತಿದೆ ಎಂಬ ದೂರುಗಳಲ್ಲಿ ಬಹುಪಾಲು ಈ ಒಂದು ಬೋಲ್ಟಿನ ಕೆಳಗಿನ ತುಕ್ಕಿನಿಂದ ಬರುತ್ತವೆ.

ಜೋಡಣೆ ಮುಗಿದ ಮೇಲೆ ಫ್ಯೂಜು ಹಾಕದೆಯೇ ಬ್ಯಾಟರಿ ಕಟ್ಟಿ, ಕಿಡಿ ಹೊಗೆ ಏನೂ ಇಲ್ಲವೆಂದು ಕಂಡಮೇಲೆ ಫ್ಯೂಜು ಹಾಕಬೇಕು. ಚಾವಿ ಆರಿದ್ದಾಗ ಸಾಕೆಟ್ಟಿನಲ್ಲಿ ಮೀಟರ್ ಸೊನ್ನೆ ತೋರಿಸಬೇಕು. ಚಾವಿ ತಿರುಗಿಸಿದರೆ ರಿಲೇ ಟಕ್ ಎಂದು, ೧೨ ವೋಲ್ಟಿಗೆ ಮೇಲೆ ಬರಬೇಕು. ತುಂಬಿದ ಬ್ಯಾಟರಿ ೧೨.೬ರ ಸುಮಾರು, ಅರ್ಧ ಇಳಿದದ್ದು ೧೨.೨ರ ಸುಮಾರು, ಎಂಜಿನ್ನು ಓಡುವಾಗ ೧೩.೮ರಿಂದ ೧೪.೪ರವರೆಗೆ. ಬಳಿಕ ದೀಪವನ್ನೂ ಚಾರ್ಜರನ್ನೂ ಒಟ್ಟಿಗೆ ಹಚ್ಚಿ ಕಾಲು ಗಂಟೆ ಬಿಟ್ಟು, ಫ್ಯೂಜ್ ಹೋಲ್ಡರು, ರಿಲೇಯ ತಳಪಾಯ, ಪ್ರತಿಯೊಂದು ಥಿಂಬಲ್ಲನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ರಿಲೇ ಉಗುರುಬೆಚ್ಚಗಾಗುವುದು ಸಹಜ. ಯಾವ ಜೋಡಣೆಯಾದರೂ ಸುಡುತ್ತಿದ್ದರೆ ಅದು ಸಡಿಲವಿದೆಯೆಂದೇ ಅರ್ಥ. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ ಒಮ್ಮೆ, ಸಾಕೆಟ್ಟಿನಲ್ಲಿ ಒಮ್ಮೆ ವೋಲ್ಟು ಅಳೆದರೆ ಅಂತರ ಅರ್ಧ ವೋಲ್ಟಿಗಿಂತ ಕಡಿಮೆಯಿರಬೇಕು.

ಇಷ್ಟಾದರೂ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಒಂದು ವಿಶೇಷವುಂಟು, ಮೋಟಾರು ಕಾರಿನವರಿಗೆ ಇದು ಹೊಳೆಯುವುದಿಲ್ಲ. ಹಳೆಯ ಮಾದರಿಗಳಲ್ಲಿ ಎಂಜಿನ್ನನ್ನು ನಿಲ್ಲಿಸುವುದು ಚಾವಿಯಲ್ಲ, ಡೀಸೆಲನ್ನು ತಡೆಯುವ ಎಳೆಗುಂಡಿ. ಗುಂಡಿ ಎಳೆದಾಗ ಎಂಜಿನ್ನು ನಿಲ್ಲುತ್ತದೆ, ಚಾವಿ ಮಾತ್ರ ಹಾಗೆಯೇ ತಿರುಗಿದ್ದಲ್ಲೇ ಇರುತ್ತದೆ. ಆಗ ಸಾಕೆಟ್ಟೂ ಜೀವಂತ, ರಿಲೇಯ ಸುರುಳಿಯೂ ಪ್ರವಾಹ ಕುಡಿಯುತ್ತಿರುತ್ತದೆ; ನಾವು ಪಟ್ಟ ಶ್ರಮವೆಲ್ಲ ವ್ಯರ್ಥ. ಆದಕಾರಣ ಸಾಕೆಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಕೆಂಪು ೧೨ ವೋಲ್ಟಿನ ಸೂಚಕ ದೀಪವನ್ನು ೮೭ರ ವೈರಿಗೂ ಮೈನಸ್ಸಿಗೂ ನಡುವೆ ಕೂಡ್ರಿಸಬೇಕು. ರಾತ್ರಿ ಗಾಡಿಯಿಂದ ಇಳಿಯುವಾಗ ಅದು ಕಣ್ಣಿಗೆ ಬಿದ್ದರೆ ಚಾವಿ ಉಳಿದಿದೆಯೆಂದು ತಿಳಿಯುತ್ತದೆ. ಪಗಾರದ ಚಾಲಕರಿದ್ದಲ್ಲಿ, ಗುಂಡಿ ಎಳೆದ ಕೈಯೇ ಚಾವಿಯನ್ನೂ ತೆಗೆಯಬೇಕೆಂದು ಮೊದಲ ದಿನವೇ ಹೇಳಿಡತಕ್ಕದ್ದು. ಹೆಚ್ಚಿನ ದೀಪಕ್ಕೆ ಅದರದೇ ಆದ ಸ್ವಿಚ್ಚು ಇರಲಿ. ಹಿಂದಕ್ಕೆ ಬಿಳಿ ಬೆಳಕು ಚೆಲ್ಲುವ ಹೊಲದ ದೀಪವನ್ನು ರಸ್ತೆಗೆ ಬಂದಾಗ ಆರಿಸಲೇಬೇಕು. ಹಿಂದಿನಿಂದ ಬರುವವನಿಗೆ ಅದು ಎದುರಿನಿಂದ ಬರುವ ಗಾಡಿಯಂತೆ ಕಂಡು ಕಣ್ಣು ಕುಕ್ಕಿಸುತ್ತದೆ. ಆ ಬೆಳಕಿನಲ್ಲಿ ಟ್ರಾಲಿಯ ಕೆಂಪು ಪಟ್ಟಿಗಳು ಇದ್ದೂ ಇಲ್ಲದಂತಾಗುತ್ತವೆ.

ಫ್ಯೂಜು ಹಾರಿದರೆ ಒಂದು ಸಲ ಹೊಸದನ್ನು ಹಾಕಿ ನೋಡಬಹುದು. ಮತ್ತೆ ಹಾರಿತೋ, ಚುಚ್ಚಿದ್ದನ್ನೆಲ್ಲ ತೆಗೆದು ಬರಿಯ ಸಾಕೆಟ್ಟಿನಿಂದ ಪರೀಕ್ಷಿಸಬೇಕು. ಖಾಲಿ ಸಾಕೆಟ್ಟಿನಲ್ಲಿಯೂ ಹಾರಿದರೆ ದೋಷ ವೈರಿನಲ್ಲಿದೆ, ಖಾಲಿಯಿದ್ದಾಗ ತಾಳಿದರೆ ದೋಷ ಚುಚ್ಚಿದ ವಸ್ತುವಿನಲ್ಲಿದೆ. ಸಾಕೆಟ್ಟಿನೊಳಗೆ ಬಿದ್ದ ನಾಣ್ಯ, ಮೊಳೆಯ ಚೂರು ಕೂಡ ಇದಕ್ಕೆ ಕಾರಣವಾಗುವುದುಂಟು. ಹಾರಿದ ಫ್ಯೂಜಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದವನ್ನೋ ವೈರಿನ ಎಳೆಯನ್ನೋ ತುರುಕುವುದು ಎಲ್ಲ ಗ್ಯಾರೇಜುಗಳೂ ಬಲ್ಲ ಉಪಾಯ. ಹಾಗೆ ಮಾಡಿದ ಗಾಡಿಯ ಹಿಂದೆ ಕಣಿಕೆಯ ಟ್ರಾಲಿ ಕಟ್ಟಬೇಡಿರಿ. ೧೦ರ ಕೆಂಪು ಫ್ಯೂಜುಗಳನ್ನು ಎರಡು ಮೂರು ಟೇಪಿನಿಂದ ಸುತ್ತಿ ಸಾಮಾನಿನ ಪೆಟ್ಟಿಗೆಯಲ್ಲಿಟ್ಟರೆ ಆ ಉಪಾಯದ ಅವಶ್ಯಕತೆ ಬೀಳುವುದಿಲ್ಲ. ಮಳೆಗಾಲದಲ್ಲಿ ಗಾಡಿ ಬಹಳ ದಿನ ನಿಲ್ಲುವುದಾದರೆ ಬ್ಯಾಟರಿಯ ಮೈನಸ್ ತಲೆಯನ್ನೇ ಬಿಚ್ಚಿಡಬೇಕು. ಮರಳಿ ಹೊರಡಿಸುವ ಮೊದಲು ಬಾನೆಟ್ಟು ತೆಗೆದು ಹೊಸ ವೈರಿನ ಉದ್ದಕ್ಕೂ ಕಣ್ಣಾಡಿಸಿರಿ: ಬೆಚ್ಚಗಿನ ಜಾಗವೆಂದು ಇಲಿಗಳು ಅಲ್ಲಿ ಸೇರಿ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಕಡಿದಿರುತ್ತವೆ, ಕಡಿದ ಜಾಗ ಹೆಚ್ಚಾಗಿ ಕೆಳಬದಿಯಲ್ಲಿರುತ್ತದೆ.